ಕತ್ತರಿಸುವ ಯಂತ್ರ ಮತ್ತು ಕನ್ನಡದ ಸೊನ್ನೆ

ಕಳೆದ ಬೇಸಗೆಯಲ್ಲಿ ನನ್ನ ತಂಗಿಯ ಮಗಳು ಕಾಗದ ಕತ್ತರಿಸುವ ಯಂತ್ರವೊಂದನ್ನು ಮನೆಗೆ ತಂದಳು. ಹೊಲಿಗೆಯಂತ್ರಕ್ಕಿಂತ ಚಿಕ್ಕದು. ಕಂಪ್ಯೂಟರಿನಲ್ಲಿ ಬರೆದ ಗೆರೆಯನ್ನನುಸರಿಸಿ ಸಣ್ಣದೊಂದು ಅಲಗನ್ನು ನಡೆಸುವುದಷ್ಟೇ ಅದರ ಕೆಲಸ. ಕ್ರಿಕಟ್, ಸಿಲೂಯೆಟ್ ಮೊದಲಾದ ಹೆಸರುಗಳಲ್ಲಿ ಇಂಥವು ದೊರೆಯುತ್ತವೆ. ಕೈಕಸಬಿಗೆ ಇನ್ನೊಂದು ಕುತ್ತು ಬಂದಿತೆಂದೇ ನಾನು ಬಗೆದೆ. ಆ ಅಭಿಪ್ರಾಯವನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ. ಕಾರಣವನ್ನು ಅಧ್ಯಾಪಕ ಮಿತ್ರರ ಮುಂದಿಡುವುದು ಉಚಿತವೆಂದು ತೋರಿದೆ.

ನಮ್ಮ ಮನೆಯ ಹೆಸರು ‘ಆನಂದ’. ತೀರಿಕೊಂಡ ನಮ್ಮ ತಾಯಿ ಇಟ್ಟದ್ದು. ಗೋಡೆಗೆ ಹೊಸ ಬಣ್ಣ ಹೊಡೆಸಿದಾಗ ಹಳೆಯ ಅಕ್ಷರಗಳು ಅಳಿಸಿಹೋದುವು. ತಾಯಿಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಅವರ ಕೈಬರಹದಲ್ಲೇ ಆ ಹೆಸರಿತ್ತು. “ಅಜ್ಜಿಯ ಅಕ್ಷರದಲ್ಲೇ ಅಚ್ಚು ಕತ್ತರಿಸಿ ಗೋಡೆಗೆ ಬಣ್ಣ ಬಳಿಯೋಣ, ಮಾಮ” ಎಂದಳು ಹುಡುಗಿ. ಪುಟದ ಫೋಟೋ ತೆಗೆದು, ತಂತ್ರಾಂಶದಿಂದ ಗೆರೆ ಎಳೆಸಿ, ಯಂತ್ರಕ್ಕೆ ಒಪ್ಪಿಸಿದ್ದಾಯಿತು. ಹಾಳೆಯನ್ನು ಎತ್ತಿದೊಡನೆ ಸೊನ್ನೆಯ ಒಳಗಿನ ಚೂರು ನೆಲಕ್ಕೆ ಬಿತ್ತು. ಹಿಂದೆಯೇ ದಕಾರದ ಹೊಟ್ಟೆಯೂ ಬಿತ್ತು. ಉಳಿದದ್ದು ಅಕ್ಷರವಲ್ಲ, ತೂತು.

ಇದಕ್ಕೆ ಪರಿಹಾರ ಹಳೆಯದೇ. ಮಥುರೆಯ ಸಾಂಝಿ ಕಲಾವಿದರು ಕಾಗದವನ್ನು ಕತ್ತರಿಸುವಾಗ ಒಳಗಿನ ಭಾಗ ಬೀಳದಂತೆ ಅಲ್ಲಲ್ಲಿ ಸಣ್ಣ ಸೇತುವೆಗಳನ್ನು ಉಳಿಸಿಕೊಳ್ಳುತ್ತಾರೆ. ನಾವೂ ಗೆರೆಯನ್ನು ತಿದ್ದಿ ಸೇತುವೆ ಇಡಬೇಕಾಯಿತು. ಹುಡುಗಿ ದಕಾರದ ಬುಡದಲ್ಲಿ ಒಂದನ್ನಿಟ್ಟಳು. ಕಾಗದದ ಮೇಲೆ ಬಣ್ಣ ಬಳಿದು ನೋಡಿದರೆ ನಮ್ಮ ಮನೆ ‘ಆನಂಧ’ವಾಗಿತ್ತು! ಬುಡದಲ್ಲಿ ಬಿಟ್ಟ ಸಂದು ಮಹಾಪ್ರಾಣದ ಸೀಳಿನಂತೆ ಕಾಣುತ್ತಿತ್ತು. ಮೂವತ್ತು ವರ್ಷ ಮಕ್ಕಳ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿದವನ ಮನೆಯ ಬಾಗಿಲಲ್ಲಿ ಇದಾಗಬಹುದೆ? ಸೇತುವೆಯನ್ನು ಪಕ್ಕಕ್ಕೆ ಸರಿಸಿದೆವು. ಎಲ್ಲಿ ಸರಿಸಬೇಕೆಂಬುದನ್ನು ಯಂತ್ರ ಹೇಳಲಿಲ್ಲ. ಕನ್ನಡ ಓದಬಲ್ಲ ಕಣ್ಣು ಹೇಳಿತು.

ಎರಡನೆಯ ಪಾಠ ಇದಕ್ಕಿಂತ ಸೂಕ್ಷ್ಮವಾದುದು. ಫೋಟೋ ಎಂಬುದು ಬಣ್ಣದ ಚುಕ್ಕಿಗಳ ರಾಶಿ. ಅಲಗಿಗೆ ಬೇಕಾದುದು ದಾರಿ. ಆ ದಾರಿಯೇ ವೆಕ್ಟರ್ ಚಿತ್ರ. ಕೆಲವು ಬಿಂದುಗಳು, ಪ್ರತಿ ಬಿಂದುವಿನಿಂದ ಹೊರಟು ಗೆರೆಯ ಬಾಗನ್ನು ಆಳುವ ಎರಡು ಹಿಡಿಗಳು: ಇಷ್ಟೇ ಅದರ ವ್ಯಾಕರಣ. ಈ ವಕ್ರರೇಖೆಗಳ ಗಣಿತ ಹುಟ್ಟಿದ್ದು ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್‌ನಲ್ಲಿ ಪಾಲ್ ದ ಕಾಸ್ಟಲ್‌ಜೊ 1959ರಲ್ಲಿ ಅದನ್ನು ಕಂಡುಕೊಂಡರು; 1960ರ ದಶಕದಲ್ಲಿ ರೆನೋದ ಪಿಯರ್ ಬೆಜಿಯೆ ಅದನ್ನು ಪ್ರಚಾರಕ್ಕೆ ತಂದರು. ಕಾರಿನ ಮೈಯನ್ನು ಬಾಗಿಸಿದ ಗೆರೆಯೇ ಇಂದು ನಮ್ಮ ಅಕ್ಷರವನ್ನೂ ಬಾಗಿಸುತ್ತದೆ.

ಒಂದು ಸೊನ್ನೆಗೆ ನಾಲ್ಕು ಬಿಂದುಗಳು ಸಾಕು. ತಂತ್ರಾಂಶವು ತಾನಾಗಿ ಎಳೆದ ನಮ್ಮ ಸೊನ್ನೆಯಲ್ಲಿ ಅರುವತ್ತಕ್ಕೂ ಮೇಲಿದ್ದುವು. ಹಳೆಯ ಕಾಗದದ ಒರಟನ್ನೆಲ್ಲ ಅದು ಅಕ್ಷರವೆಂದೇ ತಿಳಿದಿತ್ತು. ಅಲಗು ತಡವರಿಸಿ ಹಾಳೆಯ ಅಂಚನ್ನು ಹರಿದಿತ್ತು. ಒಂದೊಂದಾಗಿ ಬಿಂದುಗಳನ್ನು ಅಳಿಸುತ್ತ ಕುಳಿತೆ. ನಕಾರದ ಕೊನೆಯಲ್ಲಿ ಒಂದು ಸಣ್ಣ ನಡುಕ ಕಂಡಿತು. ಅದು ಕಾಗದದ ಒರಟೋ, ತಾಯಿಯ ಕೈಯ ನಡುಕವೋ? ಲೆಕ್ಕದ ಪುಸ್ತಕದ ಉಳಿದ ಪುಟಗಳನ್ನು ತಿರುವಿ ನೋಡಿದೆ. ಎಲ್ಲ ನಕಾರಗಳೂ ಅಲ್ಲಿಯೇ ನಡುಗಿದ್ದುವು. ಆ ಬಿಂದುಗಳನ್ನು ಹಾಗೆಯೇ ಬಿಟ್ಟೆ.

ಇಷ್ಟು ಕಷ್ಟವೇಕೆ, ಸಿದ್ಧಚಿತ್ರಗಳನ್ನು ಕೊಳ್ಳಬಾರದೆ ಎಂದು ಕೇಳುವವರಿದ್ದಾರೆ. ಹುಟ್ಟುಹಬ್ಬದ ತೋರಣಕ್ಕೆ ಕೊಳ್ಳಲಿ, ಆಕ್ಷೇಪವಿಲ್ಲ. ಆದರೆ ನಮ್ಮ ಹುಡುಗಿಗೆ ಸಿಕ್ಕ ಸಿದ್ಧಚಿತ್ರಗಳಲ್ಲಿ ‘ವೆಲ್‌ಕಮ್’ ಇತ್ತು, ‘ಹೋಮ್’ ಇತ್ತು, ‘ಆನಂದ’ವಿರಲಿಲ್ಲ. ನಮ್ಮ ಒತ್ತಕ್ಷರ ಬೇರೆ ತುಂಡಾಗಿ ಕೆಳಗೆ ನಿಂತರೆ ಅದನ್ನು ಮೇಲಿನ ಅಕ್ಷರಕ್ಕೆ ಬೆಸೆಯಬೇಕೆಂಬುದು ಪರಭಾಷೆಯ ಚಿತ್ರಗಾರನಿಗೆ ಹೇಗೆ ತಿಳಿದೀತು? ಕೊಳ್ಳುವುದನ್ನು ಮಾತ್ರ ಕಲಿತವನು ಸಿಕ್ಕ ಹೆಸರನ್ನು ಬಾಗಿಲಿಗೆ ಅಂಟಿಸಿ, ಈ ಯಂತ್ರಕ್ಕೆ ಕನ್ನಡ ಒಗ್ಗದೆಂದು ತೀರ್ಪು ಕೊಡುತ್ತಾನೆ. ಒಗ್ಗದಿರುವುದು ಕನ್ನಡವಲ್ಲ, ನಮ್ಮ ಸೋಮಾರಿತನ.

ಕಲಿಕೆಗೆ ಹಣದ ಅಡ್ಡಿಯೂ ಇಲ್ಲ. 2003ರಿಂದ ಬೆಳೆದುಬಂದಿರುವ ಇಂಕ್‌ಸ್ಕೇಪ್ ತಂತ್ರಾಂಶ ಎಲ್ಲರಿಗೂ ಉಚಿತ. ಶಾಲೆಯ ಚಿತ್ರಕಲೆಯ ತರಗತಿಯಲ್ಲಿ ಇದಕ್ಕೆ ನಾಲ್ಕು ವಾರ ಕೊಟ್ಟರೆ ಸಾಕೆಂದು ನನ್ನ ಎಣಿಕೆ. ಯಂತ್ರವಿಲ್ಲದ ಶಾಲೆ ಕತ್ತರಿಯಿಂದಲೇ ತೊಡಗಲಿ. ಸೊನ್ನೆಯ ಹೊಟ್ಟೆ ಏಕೆ ಬೀಳುತ್ತದೆಂಬುದನ್ನು ಕೈಯಿಂದ ಅರಿತ ಮಗುವಿಗೆ ಬಿಂದುಗಳನ್ನು ತಿದ್ದುವುದು ಕಷ್ಟವಾಗದು. ತನ್ನ ಅಕ್ಷರದಲ್ಲಿ ಯಾವುದನ್ನು ಬಿಟ್ಟರೆ ಅರ್ಥ ಕೆಡುತ್ತದೆ, ಯಾವುದನ್ನು ಬಿಟ್ಟರೆ ಕೆಡುವುದಿಲ್ಲವೆಂಬ ವಿವೇಕವೂ ಅದರ ಜೊತೆಗೇ ಬಂದೀತು. ಇದು ಭಾಷೆಯ ಪಾಠವಲ್ಲದೆ ಮತ್ತೇನು?

ನಮ್ಮ ಬಾಗಿಲ ಪಕ್ಕದಲ್ಲಿ ಈಗ ‘ಆನಂದ’ವಿದೆ. ಸೇತುವೆಗಳ ಸಂದುಗಳನ್ನು ಕುಂಚದಿಂದ ಮುಚ್ಚಲೇ ಎಂದು ಹುಡುಗಿ ಕೇಳಿದಳು, ಬೇಡವೆಂದೆ. ಮೊನ್ನೆ ಬಂದ ನೆಂಟರೊಬ್ಬರು ಅದನ್ನು ನೋಡುತ್ತ ಬಹಳ ಹೊತ್ತು ನಿಂತು, “ಇದು ನಿಮ್ಮ ತಾಯಿಯವರ ಬರಹವಲ್ಲವೆ?” ಎಂದು ಕೇಳಿದರು.