ಜ್ವರ ಬಂದವನ ಸಂಬಳ

ಮಳೆಗಾಲ ಕಾಲಿಟ್ಟೊಡನೆ ತುರ್ಭೆಯ ಉಪಾಹಾರಗೃಹಗಳ ಶುಚಿತ್ವದ ಮಾತು ಗಿರಾಕಿಗಳ ಬಾಯಲ್ಲಿ ಬರುತ್ತದೆ. ಬರುವುದು ನ್ಯಾಯವೇ. ಮಾರುಕಟ್ಟೆಯ ಹಮಾಲನಿಂದ ಹಿಡಿದು ಎಂ.ಐ.ಡಿ.ಸಿ.ಯ ಗುಮಾಸ್ತನವರೆಗೆ ಹೋಟೇಲಿನ ಅನ್ನವನ್ನೇ ನಂಬಿದವರು ಇಲ್ಲಿ ಅನೇಕರು; ಕೊಟ್ಟ ಹಣಕ್ಕೆ ಶುದ್ಧವಾದುದನ್ನು ಕೇಳುವುದು ಅವರ ಹಕ್ಕು. ಆದರೆ ಬೈಗಳು ಬೀಳುವುದು ಯಾರ ತಲೆಯ ಮೇಲೆ? ಎದುರಿಗೆ ನಿಂತ ಮಾಣಿಯ ಮೇಲೆ.

೨೦೨೫ರ ಜುಲೈಯಲ್ಲಿ ಮುಂಬಯಿಯ ಆಕಾಶವಾಣಿ ಶಾಸಕ ನಿವಾಸದ ಕ್ಯಾಂಟೀನಿನಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಬೇಳೆ ಹಳಸಿದೆಯೆಂದು ಬುಲ್ಢಾಣದ ಶಾಸಕ ಸಂಜಯ ಗಾಯಕವಾಡರು ಅಲ್ಲಿನ ನೌಕರನನ್ನು ಹೊಡೆದರು. ಬಳಿಕ ದಕ್ಷಿಣದವರ ಮೇಲೆಯೇ ಹರಿಹಾಯ್ದರು. ಆಹಾರ ಇಲಾಖೆಯು ತಪಾಸಣೆ ನಡೆಸಿ ಗುತ್ತಿಗೆದಾರರ ಪರವಾನಗಿಯನ್ನು ಅಮಾನತಿನಲ್ಲಿರಿಸಿತು. ಹೊಡೆತವನ್ನು ನಾವು ಖಂಡಿಸುತ್ತೇವೆ, ತಪಾಸಣೆಯನ್ನು ಖಂಡಿಸಲಾರೆವು. ನಮ್ಮವರ ಹೋಟೇಲೆಂಬ ಅಭಿಮಾನ ಹಳಸಿದ ಬೇಳೆಗೆ ಮುಚ್ಚಳವಾಗಬಾರದು.

೨೦೦೬ರ ಆಹಾರ ಸುರಕ್ಷತಾ ಕಾಯಿದೆ ೨೦೧೧ರ ಆಗಸ್ಟ್ ೫ರಿಂದ ಜಾರಿಯಲ್ಲಿದೆ. ಆಹಾರವನ್ನು ಮುಟ್ಟುವ ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆ, ಟೈಫಾಯಿಡ್ ಎಂಬ ವಿಷಮಶೀತಜ್ವರಕ್ಕೆ ಚುಚ್ಚುಮದ್ದು ಆಗಬೇಕೆಂದು ಅದರ ನಿಯಮಗಳು ಹೇಳುತ್ತವೆ. ಕಾಮಾಲೆ, ಭೇದಿ, ವಾಂತಿ, ಜ್ವರ ಇದ್ದವನು ಅಡಿಗೆಯ ಪಾತ್ರೆ ಮುಟ್ಟಕೂಡದು; ಕಾಯಿಲೆಯನ್ನು ಅವನೇ ಮಾಲೀಕರಿಗೆ ತಿಳಿಸಬೇಕು. ಗಂಟು ಇರುವುದು ಇಲ್ಲಿಯೇ. ತಿಳಿಸಿದವನ ಸಂಬಳ ಹಿಡಿದರೆ ಯಾರು ತಾನೆ ತಿಳಿಸಿಯಾರು? ಕುಂದಾಪುರಕ್ಕೋ ಬೈಂದೂರಿಗೋ ತಿಂಗಳು ತಪ್ಪದೆ ಹಣ ಕಳಿಸಬೇಕಾದ ಹುಡುಗ ಎರಡು ಗುಳಿಗೆ ನುಂಗಿ, ಹಣೆಯ ಬೆವರೊರಸಿ, ದೋಸೆಹಿಟ್ಟಿಗೆ ಕೈಯಿಕ್ಕುತ್ತಾನೆ. ಗಲ್ಲಾಪೆಟ್ಟಿಗೆಯ ಹಿಂದೆ ಬಹುಕಾಲ ಕುಳಿತ ನಮಗೆ ಇದು ಕೇಳಿದ ಸುದ್ದಿಯಲ್ಲ, ಕಂಡ ಸಂಗತಿ.

ನ್ಯೂಯಾರ್ಕಿನ ಅಡಿಗೆಯವಳು ಮೇರಿ ಮ್ಯಾಲನ್ನಳ ಕಥೆ ಇದಕ್ಕೆ ತಕ್ಕ ನಿದರ್ಶನ. ತನಗೆ ಕಾಯಿಲೆಯ ಲಕ್ಷಣವೊಂದೂ ಇಲ್ಲದೆಯೇ ಆಕೆ ವಿಷಮಶೀತಜ್ವರದ ಕ್ರಿಮಿಯನ್ನು ಹೊತ್ತು ತಿರುಗುತ್ತಿದ್ದಳೆಂದು ೧೯೦೭ರಲ್ಲಿ ತಿಳಿದುಬಂತು. ಸರಕಾರದವರು ಅವಳನ್ನು ದ್ವೀಪವೊಂದರಲ್ಲಿ ಇರಿಸಿ, ಇನ್ನು ಅಡಿಗೆ ಮಾಡೆನೆಂಬ ಮಾತು ಪಡೆದು ೧೯೧೦ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದ ಕೂಲಿ ಅಡಿಗೆಯ ಕೂಲಿಗೆ ಸಮನಾಗಲಿಲ್ಲ. ಹೆಸರು ಬದಲಿಸಿ ಮತ್ತೆ ಅಡಿಗೆಮನೆ ಹೊಕ್ಕಳು. ೧೯೧೫ರಲ್ಲಿ ಹೆರಿಗೆಯ ಆಸ್ಪತ್ರೆಯೊಂದರಲ್ಲಿ ೨೫ ಜನ ಹಾಸಿಗೆ ಹಿಡಿದ ಮೇಲೆ ಸಿಕ್ಕಿಬಿದ್ದಳು. ನಿಷೇಧ ಹಾಕಿದವರು ಅವಳ ಹೊಟ್ಟೆಪಾಡನ್ನು ಯೋಚಿಸಿರಲಿಲ್ಲ.

ಲಾಭ ತೆಳುವೆಂದು ಮಾಲೀಕ ಬಂಧುಗಳು ಹೇಳಿಯಾರು. ಬಾಡಿಗೆ, ಗ್ಯಾಸು, ತೆಂಗಿನಕಾಯಿಗಳ ಲೆಕ್ಕ ನಾವರಿಯದುದಲ್ಲ. ಜ್ವರದ ನಾಲ್ಕು ದಿನದ ಸಂಬಳವೆಷ್ಟು, ಬಾಗಿಲು ಮುಚ್ಚಿದ ನಾಲ್ಕು ದಿನದ ವ್ಯಾಪಾರವೆಷ್ಟು ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆದು ನೋಡಲಿ. ಮಾಳಿಗೆಯಲ್ಲಿ ಒತ್ತೊತ್ತಾಗಿ ಮಲಗುವ ಹುಡುಗರಿಗೆಲ್ಲ ಒಂದೇ ಶೌಚಾಲಯ, ಅದರ ನಲ್ಲಿಯ ಬಳಿ ಸಾಬೂನೂ ಇಲ್ಲ ಎಂದಮೇಲೆ, ಕೆಳಗೆ ಮೇಜನ್ನು ಎಷ್ಟು ಸಲ ಒರಸಿದರೇನು?

ಗುಮಾಸ್ತ ಮಿತ್ರರಿಗೂ ಒಂದು ಮಾತು. ಬಿಲ್ಲಿನ ಮೇಲಿನ ೧೪ ಅಂಕೆಯ ಪರವಾನಗಿ ಸಂಖ್ಯೆಯನ್ನು ನೋಡಿಕೊಳ್ಳಿರಿ. ಚಟ್ನಿ ಹುಳಿಯಾಗಿದ್ದರೆ, ವಡೆಯನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ ಕೊಟ್ಟರೆ ಹಿಂತಿರುಗಿಸಿರಿ. ಆ ಪತ್ರಿಕೆ ನಮ್ಮದೇ ಆಗಿದ್ದರೂ ಸರಿಯೆ. ನಮ್ಮ ಮಸಿ ಓದುವುದಕ್ಕೆ, ತಿನ್ನುವುದಕ್ಕಲ್ಲ. ಆದರೆ ಹೇಳುವುದನ್ನು ಮಾಣಿಗೆ ಹೇಳದೆ ಗಲ್ಲಾದ ಬಳಿಗೆ ಹೋಗಿ ಹೇಳಿರಿ.

ಕಾಯಿಲೆಯ ದಿನಗಳಿಗೆ ಪೂರ್ಣ ಸಂಬಳವೆಂಬ ಫಲಕವನ್ನು ತುರ್ಭೆಯ ಮಾಲೀಕರು ಬರುವ ಮಳೆಗಾಲದೊಳಗೆ ತಮ್ಮ ಅಡಿಗೆಮನೆಯ ಬಾಗಿಲಲ್ಲಿ ತೂಗಹಾಕಬೇಕೆಂದು ನಮ್ಮ ಕೋರಿಕೆ. ತೂಗಹಾಕಿದ ಹೋಟೇಲುಗಳ ಹೆಸರನ್ನು ಶುಲ್ಕವಿಲ್ಲದೆ ಈ ಪುಟದಲ್ಲಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.