ಬೆರಳು ಆಡುವ ಕನ್ನಡ ಡಾಕ್ಟರಿಗೆ ಕೇಳಿಸುತ್ತಿದೆಯೇ?



ಪೀಣ್ಯದಲ್ಲಿ ಪವರ್ ಪ್ರೆಸ್ಸಿನ ಮುಂದೆ ದುಡಿಯುವ ಹುಡುಗ ನಿಮ್ಮ ಅಣ್ಣನಿರಬಹುದು, ನಾಳೆ ನೀವೇ ಇರಬಹುದು. ಒಂದು ಕ್ಷಣ ಗಮನ ತಪ್ಪಿತು, ಕೈ ಸಿಕ್ಕಿಕೊಂಡಿತು. ಟವೆಲ್ಲು ಸುತ್ತಿಕೊಂಡು ಆಸ್ಪತ್ರೆಗೆ ಓಡಿದಿರಿ. ಡ್ಯೂಟಿ ಡಾಕ್ಟರು ಕೇಳುತ್ತಾರೆ: "ದರ್ದ್ ಹೈ ಕ್ಯಾ?" ನೀವು ತಲೆಯಾಡಿಸುತ್ತೀರಿ. ಪರೀಕ್ಷೆ ಮುಗಿಯಿತು! ಹೊಲಿಗೆ ಶುರು!

ಇದೂ ಒಂದು ಪರೀಕ್ಷೆಯೇ?

ಪೆಟ್ಟಾದ ಕೈಯ ಮೊದಲ ತಪಾಸಣೆ ಅರ್ಧ ಕಣ್ಣಿನದು, ಅರ್ಧ ಕಿವಿಯದು. ಬಲಚನೋ ಎಡಚನೋ? ಏನು ಕೆಲಸ? ಎಷ್ಟು ಹೊತ್ತಾಯಿತು? ಕೊಯ್ದದ್ದೋ, ಜಜ್ಜಿದ್ದೋ? ಧನುರ್ವಾಯು ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ? ಆಮೇಲೆ ರಕ್ತ ಸಂಚಾರ: ಬೆರಳ ತುದಿ ಒತ್ತಿ ಬಿಟ್ಟರೆ ಸುಮಾರು 2 ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಆಮೇಲೆ ಸ್ಪರ್ಶ: ಮೀಡಿಯನ್ ನರಕ್ಕೆ ತೋರುಬೆರಳ ತುದಿ, ಅಲ್ನಾರ್ ನರಕ್ಕೆ ಕಿರುಬೆರಳ ತುದಿ. ಮರಗಟ್ಟಿಸುವ ಇಂಜೆಕ್ಷನ್ನಿಗೆ ಮೊದಲೇ ಇದನ್ನು ನೋಡಬೇಕು. ಆಮೇಲೆ ನೋಡಿದರೆ ನರ ಕಡಿದಿದೆಯೋ, ಮದ್ದಿನ ಮಂಪರೋ, ಹೇಗೆ ಗೊತ್ತಾಗಬೇಕು? ನಡುಗೆಣ್ಣು ಹಿಡಿದು "ತುದಿ ಮಡಿಸಪ್ಪ" ಎನ್ನಬೇಕು. ಮಡಿಸಲಾಗದಿದ್ದರೆ ಒಳಗಿನ ಸ್ನಾಯುರಜ್ಜು ಕಡಿದಿರಬಹುದು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ. ಕಡಿದ ನರ ಕಾಣುವುದಿಲ್ಲ.

ಈಗ ಹೇಳಿ, ಇದರಲ್ಲಿ ಮಾತಿಲ್ಲದೆ ನಡೆಯುವುದು ಎಷ್ಟು? "ಜುಮ್ ಅಂತಿದೆ", "ಜೋಮು ಹಿಡಿದಿದೆ", "ಮುಟ್ಟಿದ್ದೇ ಗೊತ್ತಾಗ್ತಿಲ್ಲ" ಎನ್ನುವುದು ಮೂರು ಬೇರೆ ಬೇರೆ ಸುದ್ದಿ. ಗಾಯ ಉರಿಯುತ್ತಿದ್ದರೂ ಬೆರಳ ತುದಿ ಸತ್ತಂತಿರಬಹುದು. "ದರ್ದ್" ಎಂಬ ಒಂದೇ ಪದದಲ್ಲಿ ಅದು ಸಿಗುವುದಿಲ್ಲ. ಮೇಲಿನ ಚರ್ಮ ಕೂಡಿಕೊಳ್ಳುತ್ತದೆ. ಅಂಗಿಯ ಗುಂಡಿ ಹಿಡಿದದ್ದು ಮಾತ್ರ ತಿಳಿಯದ ಬೆರಳು ಉಳಿಯುತ್ತದೆ.

1986ರ ಸರೋಜಿನಿ ಮಹಿಷಿ ವರದಿ ಹಿಡಿದು ಯಂತ್ರದ ಮುಂದೆ ಕನ್ನಡಿಗನಿಗೆ ಜಾಗ ಕೇಳಿದೆವು. ಅದೇ ಯಂತ್ರಕ್ಕೆ ಅವನ ಕೈ ಸಿಕ್ಕಾಗ ಕನ್ನಡದಲ್ಲಿ ವಿಚಾರಿಸುವವರು ಬೇಡವೇ? 2019ರಲ್ಲಿ ಬದಲಾದ ಎಂಬಿಬಿಎಸ್ ಪಠ್ಯಕ್ರಮದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಜಾಗವಿದೆ. ಹಾಜರಿ ಪುಸ್ತಕದ ಕನ್ನಡ ಸಾಲದು. ರೋಗಿಯ ಮುಂದೆ ಕೂತು ಈ ಪ್ರಶ್ನೆಗಳನ್ನು ಕೇಳಬಲ್ಲ ಕನ್ನಡ ಬೇಕು. ತುರ್ತು ಚಿಕಿತ್ಸೆಯ ಪ್ರತಿ ಪಾಳಿಯಲ್ಲೂ ಬೇಕು! ಪಕ್ಕದ ಮಂಚದ ಒಡಿಯಾ ಹುಡುಗನಿಗೂ ಅವನ ಮಾತು ತಿಳಿದವರು ಸಿಗಲಿ. ನಮ್ಮ ಜಗಳ ಅವನ ಮೇಲಲ್ಲ.

ಅಲ್ಲಿಯತನಕ ಇಷ್ಟು ನೆನಪಿಡಿ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ, ಕೈ ಮೇಲೆತ್ತಿ, ಉಂಗುರ ತೆಗೆಯಿರಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸಿನ ಮೇಲಿಡಿ. ಬೆರಳಿಗೆ ನೇರ ಐಸ್ ತಾಗಬಾರದು. ಡಾಕ್ಟರ ಮುಂದೆ ಸುಮ್ಮನೆ ತಲೆಯಾಡಿಸಬೇಡಿ. "ಈ ಬೆರಳಲ್ಲಿ ಮುಟ್ಟಿದ್ದು ಗೊತ್ತಾಗ್ತಿಲ್ಲ" ಎಂದು ಕನ್ನಡದಲ್ಲೇ ಹೇಳಿ. ಅರ್ಥವಾಗದಿದ್ದರೆ ಅರ್ಥವಾಗುವವರನ್ನು ಕರೆಸಿ ಎನ್ನಿ. ಹೊಲಿಗೆಗೆ ಮೊದಲೇ ಎನ್ನಿ!