ಲಗ್ನ ಬೇಡವೆಂದವರಿಗೆ ರಂಗದ ಮೇಲೆ ಪಾತ್ರವಿಲ್ಲವೇ?

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ತೇರು ಎಳೆದ ಮೇಲೆ ನಮ್ಮ ಸೀಮೆಯ ಜನಕ್ಕೆ ದೇವಿಯ ದರ್ಶನದಷ್ಟೇ ಮುಖ್ಯವಾದ ಇನ್ನೊಂದು ದರ್ಶನವಿದೆ. ಅದು ನಾಟಕ ಕಂಪನಿಗಳದು. ವಾರಗಟ್ಟಲೆ ಅಲ್ಲಿ ಡೇರೆಗಳು ನಿಲ್ಲುತ್ತವೆ, ರಾತ್ರಿಯಿಡೀ ನಾಟಕಗಳು ನಡೆಯುತ್ತವೆ. ಬೇವೂರಿನಿಂದ ನಾವೂ ಹತ್ತು ಹನ್ನೆರಡು ಮಂದಿ ರೊಟ್ಟಿಬುತ್ತಿ ಕಟ್ಟಿಕೊಂಡು, ಟೆಂಪೊ ಗೊತ್ತು ಮಾಡಿಕೊಂಡು ಹೋಗಿದ್ದೆವು. ನಮ್ಮೊಡನೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳಿದ್ದಳು. ವಯಸ್ಸು ನಲವತ್ತು ದಾಟಿದೆ. ಹೊಲದ ಕೂಲಿ ಮಾಡುತ್ತಾಳೆ, ಬೇಸಗೆಯಲ್ಲಿ ಕೌದಿ ಹೊಲಿಯುತ್ತಾಳೆ, ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಕರೆಯದೆ ಹೋಗಿ ನಿಲ್ಲುತ್ತಾಳೆ. ಲಗ್ನವಾಗಿಲ್ಲ.

ಆ ರಾತ್ರಿಯ ನಾಟಕದಲ್ಲಿ ಲಗ್ನವಾಗದ ಒಬ್ಬ ಅತ್ತಿಯ ಪಾತ್ರವಿತ್ತು. ಗಂಡಸರನ್ನು ಕಂಡರೆ ಸಿಡುಕುವವಳು, ಒಳಗೊಳಗೆ ಅವರಿಗಾಗಿಯೇ ಹಂಬಲಿಸುವವಳು. ಎರಡರ್ಥದ ಮಾತು ಬಂದಾಗಲೆಲ್ಲ ಡೇರೆ ಹಾರಿಹೋಗುವಂತೆ ಜನ ನಕ್ಕರು. ನಮ್ಮ ಸಾಲಿನಲ್ಲಿ ಕುಳಿತವರು ಒಬ್ಬೊಬ್ಬರಾಗಿ ತಿರುಗಿ ಆ ನಮ್ಮ ಹೆಣ್ಣುಮಗಳನ್ನು ನೋಡಿದರು. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ, ನಾವೂ ನಕ್ಕೆವು. ಅವಳು ನಾಟಕ ಮುಗಿಯುವ ಮುನ್ನವೇ ಎದ್ದು ಹೊರಗೆ ಹೋದಳು. ಬೆಳಗಿನ ಜಾವ ಊರಿಗೆ ಮರಳುವಾಗ ಅವಳು ಆಡಿದ ಮಾತು ಇಷ್ಟೇ: "ಅಣ್ಣಾ, ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಲಗ್ನದ ಮನಸ್ಸು ಎಂದೂ ಬರಲಿಲ್ಲ, ಅಷ್ಟ. ಹಂಗ ಇರೋರು ನಾಟಕದಾಗ ಯಾಕ ಇಲ್ಲ?"

ಈ ಲೇಖನ ಆ ಪ್ರಶ್ನೆಗೆ ನಾವು ಕೊಡಬೇಕಾದ ಉತ್ತರ.

ಮೊದಲು ವಿಷಯವನ್ನು ತಿಳಿಯಾಗಿ ಹೇಳೋಣ. ಜಗತ್ತಿನಲ್ಲಿ ಕೆಲವರಿಗೆ ಗಂಡಾಗಲಿ ಹೆಣ್ಣಾಗಲಿ ಯಾರ ಮೇಲೂ ದೇಹದ ಆಸೆ ಹುಟ್ಟುವುದಿಲ್ಲ. ಇವರನ್ನು ಅಲೈಂಗಿಕರು ಎನ್ನುತ್ತಾರೆ. ಇನ್ನು ಕೆಲವರಿಗೆ ಪ್ರಣಯವೆಂಬ ಭಾವವೇ ಹುಟ್ಟುವುದಿಲ್ಲ. ಎರಡೂ ಇಲ್ಲದವರು ಉಂಟು, ಒಂದಿದ್ದು ಇನ್ನೊಂದಿಲ್ಲದವರೂ ಉಂಟು. ಇದು ರೋಗವಲ್ಲ, ವ್ರತವಲ್ಲ, ಪ್ರೇಮಭಂಗದ ಫಲವೂ ಅಲ್ಲ. ನಮ್ಮ ದುರ್ದೈವಕ್ಕೆ ಅಲೈಂಗಿಕ ಎಂಬ ಮಾತು ಶಾಲೆಯ ಜೀವಶಾಸ್ತ್ರದ ಪುಸ್ತಕದಲ್ಲಿ ಅಮೀಬಾ ಒಡೆದು ಎರಡಾಗುವ ಪಾಠದಲ್ಲಿ ಮಾತ್ರ ಬರುತ್ತದೆ. ಮನುಷ್ಯರಿಗೆ ಆ ಮಾತನ್ನು ಹಚ್ಚಿದರೆ ಹುಡುಗರು ನಗುತ್ತಾರೆ. ಆದರೆ 2001ರಲ್ಲಿ ಅಮೇರಿಕೆಯ ಡೇವಿಡ್ ಜೇ ಎಂಬ ತರುಣ ಇಂಥವರದೊಂದು ಕೂಟವನ್ನು ಕಟ್ಟಿದಾಗ, ತಾವು ಒಂಟಿಯೆಂದು ತಿಳಿದಿದ್ದ ಸಾವಿರಾರು ಮಂದಿ ಬೇರೆ ಬೇರೆ ದೇಶಗಳಿಂದ ಅದಕ್ಕೆ ಬಂದು ಸೇರಿದರು. 2004ರಲ್ಲಿ ಕೆನಡಾದ ವಿದ್ವಾಂಸ ಆಂಟನಿ ಬೋಗರ್ಟ್ ಅವರು ಬ್ರಿಟನ್ನಿನ 18,000ಕ್ಕೂ ಮಿಕ್ಕಿದ ಜನರ ಉತ್ತರಗಳನ್ನು ಪರಿಶೀಲಿಸಿದಾಗ, ನೂರಕ್ಕೆ ಸುಮಾರು ಒಬ್ಬರು ತಮಗೆ ಯಾರ ಮೇಲೂ ಅಂಥ ಆಕರ್ಷಣೆ ಎಂದೂ ಆಗಿಲ್ಲವೆಂದು ಹೇಳಿದ್ದು ಕಂಡುಬಂತು. ಆ ಲೆಕ್ಕವನ್ನೇ ಹಿಡಿದರೆ, ಐನೂರು ಮಂದಿ ಕುಳಿತ ಡೇರೆಯಲ್ಲಿ ಇಂಥವರು ಐದು ಮಂದಿ ಇರಬೇಕು. ಒಬ್ಬಳು ಎದ್ದು ಹೋದಳು. ಉಳಿದವರು ತಮ್ಮ ಗುಟ್ಟು ಹೊರಬಿದ್ದೀತೆಂಬ ಅಂಜಿಕೆಯಿಂದ ನಮ್ಮೊಡನೆ ನಕ್ಕಿರಬೇಕು!

ನಮ್ಮ ರಂಗಭೂಮಿಯನ್ನು ನಾವು ಹಗುರಾಗಿ ಕಾಣುವವರಲ್ಲ. ಹುನಗುಂದ ತಾಲೂಕಿನ ಸೂಳೇಬಾವಿಯಲ್ಲಿ ಹುಟ್ಟಿ, ಇಲಕಲ್ಲಿನಲ್ಲಿ ನೆಲೆಸಿ ಬರೆದ ಪಿ. ಬಿ. ಧುತ್ತರಗಿಯವರು ಈ ಮಣ್ಣಿನ ಹೆಮ್ಮೆ. ಅವರ 'ಸಂಪತ್ತಿಗೆ ಸವಾಲ್' ನಾಟಕ 1974ರಲ್ಲಿ ಚಲಚ್ಚಿತ್ರವಾಗಿ, ರಾಜಕುಮಾರ್ ಮತ್ತು ಮಂಜುಳಾ ಅವರ ಮೂಲಕ ನಾಡಿನ ಮನೆಮನೆಯ ಮಾತಾಯಿತು. ಬಡ ರೈತನ ಮಗ ಸಿರಿವಂತರ ಸೊಕ್ಕಿಗೆ ಸವಾಲು ಹಾಕಿದ್ದು ಯಾವ ಸಮಾಜವಾದಿಗೆ ಮೆಚ್ಚಿಗೆಯಾಗಲಿಕ್ಕಿಲ್ಲ? ಆದರೂ ಒಂದು ಮಾತನ್ನು ನಾವು ಕೇಳಲೇಬೇಕು. ಅಲ್ಲಿ ಸಂಪತ್ತಿನ ಸೊಕ್ಕೂ ಹೆಣ್ಣಿನ ಹಟವೂ ಒಂದೇ ಆಗಿ ಕಾಣುತ್ತವೆ. ಒಂದನ್ನು ಮುರಿಯುವುದೆಂದರೆ ಇನ್ನೊಂದನ್ನೂ ಮುರಿದು ಅವಳನ್ನು ಹೆಂಡತಿಯಾಗಿ ಮಾಡುವುದು. 1989ರ 'ನಂಜುಂಡಿ ಕಲ್ಯಾಣ' ಇದನ್ನು ಇನ್ನೂ ಬಿಚ್ಚಿ ತೋರಿಸಿತು. ಷೇಕ್ಸ್‌ಪಿಯರನ ನಾಟಕವನ್ನು ಪರ್ವತವಾಣಿಯವರು 'ಬಹದ್ದೂರ್ ಗಂಡ'ನಾಗಿ ಕನ್ನಡಕ್ಕೆ ತಂದಿದ್ದರು, ಚಿತ್ರಕ್ಕೆ ಅದೇ ಮೂಲ. ಗಂಡು ಬೇಡವೆಂಬ ಹೆಣ್ಣು ಪಳಗಿಸಬೇಕಾದ ಪ್ರಾಣಿ ಎಂಬುದೇ ಅಲ್ಲಿಯ ನಗೆಯ ಬೇರು.

ಬೇಡವೆಂದ ಹೆಣ್ಣನ್ನು ಗೌರವದಿಂದ ಕಂಡ ಚಿತ್ರವೇ ಇಲ್ಲವೆಂದಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1967ರಲ್ಲಿ ತೆಗೆದ 'ಬೆಳ್ಳಿಮೋಡ'ದಲ್ಲಿ ಕಲ್ಪನಾ ಅವರ ಇಂದಿರೆ, ಆಸ್ತಿ ಕೈತಪ್ಪಿದಾಗ ತನ್ನನ್ನು ತೊರೆದವನನ್ನು ಕೊನೆಗೆ ತಾನೇ ಬೇಡವೆನ್ನುತ್ತಾಳೆ. ಆ ದಿಟ್ಟತನಕ್ಕೆ ನಮ್ಮ ನಮಸ್ಕಾರ. ಆದರೆ ಅವಳ 'ಬೇಡ'ಕ್ಕೆ ಒಂದು ಗಾಯದ ಕಾರಣವಿತ್ತು. ಗಾಯವಿಲ್ಲದೆ, ದ್ರೋಹವಿಲ್ಲದೆ, ಸುಮ್ಮನೆ 'ನನಗೆ ಬೇಡ' ಎಂದವಳನ್ನು ಕನ್ನಡದ ಪ್ರಸಿದ್ಧ ಚಿತ್ರಗಳಲ್ಲಿ ನಾವು ಕಂಡಿಲ್ಲ. ಗಂಡಸಿನ ಪಾಡೂ ಬೇರೆಯಲ್ಲ. 2019ರ 'ಬ್ರಹ್ಮಚಾರಿ' ಎಂಬ ಚಿತ್ರ ಮದುವೆಯಾದ ಗಂಡಸಿನ ಅಸಾಮರ್ಥ್ಯವನ್ನೇ ನಗೆಯ ಬಂಡವಾಳ ಮಾಡಿಕೊಂಡಿತು. ದೇಹ ಸಹಕರಿಸದಿರುವುದು ಬೇರೆ, ಮನಸ್ಸಿನಲ್ಲಿ ಆಸೆಯೇ ಇಲ್ಲದಿರುವುದು ಬೇರೆ. ಈ ಭೇದವನ್ನು ಅರಿಯದ ಊರಿನಲ್ಲಿ ಲಗ್ನ ಬೇಡವೆಂದ ಹುಡುಗನಿಗೆ 'ಗಂಡಸಲ್ಲ' ಎಂಬ ಬಿರುದು ಮಾತ್ರ ಸಿಕ್ಕುತ್ತದೆ.

"ಜನ ಕೇಳುತ್ತಾರೆ, ನಾವು ಕೊಡುತ್ತೇವೆ" ಎಂಬುದು ನಿರ್ಮಾಪಕ ಮಹಾಶಯರ ಹಳೆಯ ಉತ್ತರ. ಇದು ವರ್ತಕನ ಮಾತು, ಸತ್ಯದ ಮಾತಲ್ಲ. 1972ರ 'ಬಂಗಾರದ ಮನುಷ್ಯ'ದಲ್ಲಿ ಮಡದಿಯನ್ನು ಕಳೆದುಕೊಂಡ ರಾಜೀವ ಕೊನೆಗೆ ಒಬ್ಬನೇ ಊರು ಬಿಟ್ಟು ನಡೆದುಹೋಗುತ್ತಾನೆ. ಅವನಿಗೆ ಇನ್ನೊಂದು ಲಗ್ನ ಮಾಡಿಸಲಿಲ್ಲವೆಂದು ಜನ ಟಾಕೀಜು ಬಿಟ್ಟು ಎದ್ದರೇ? ಎದ್ದುಹೋಗುವುದಿರಲಿ, ಮತ್ತೆ ಮತ್ತೆ ಬಂದು ನೋಡಿದರು. 1978ರಲ್ಲಿ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಬಂದಾಗ, ಇಬ್ಬರು ಯೋಧರ ಹಗೆಯೂ ಗೌರವವೂ ಬೆಸೆದ ನಂಟು, ಪ್ರೇಮಕಥೆಯ ಆಸರೆಯಿಲ್ಲದೆಯೇ ನೋಡುವವರನ್ನು ಹಿಡಿದು ನಿಲ್ಲಿಸಿತು. 2015ರ 'ನಾನು ಅವನಲ್ಲ ಅವಳು' ಚಿತ್ರದಲ್ಲಿ ಸಂಚಾರಿ ವಿಜಯ್ ಅವರು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಹೊರಟ ಜೀವದ ಸಂಕಟವನ್ನು ನಟಿಸಿ ರಾಷ್ಟ್ರಪ್ರಶಸ್ತಿ ಪಡೆದರು. ಅದುವರೆಗೆ ಚಪ್ಪಾಳೆ ತಟ್ಟಿ ಅಣಕಿಸಲಿಕ್ಕಷ್ಟೇ ಬಳಕೆಯಾಗುತ್ತಿದ್ದ ಪಾತ್ರಕ್ಕೆ ತೆರೆಯ ಮೇಲೆ ಮನುಷ್ಯತ್ವ ಬಂತು. ಜನ ಕಲಿಯುತ್ತಾರೆ, ಕಲಿಸುವವರು ಬೇಕು.

ಹೊರದೇಶಗಳಲ್ಲಿ ಈ ಕೆಲಸ ಆರಂಭವಾಗಿದೆ. 2014ರಿಂದ 2020ರವರೆಗೆ ನಡೆದ ಅಮೇರಿಕೆಯ 'ಬೋಜಾಕ್ ಹಾರ್ಸ್‌ಮನ್' ಎಂಬ ವ್ಯಂಗ್ಯಚಿತ್ರ ಮಾಲೆಯಲ್ಲಿ ಟಾಡ್ ಎಂಬ ಪಾತ್ರ ತಾನು ಅಲೈಂಗಿಕನೆಂದು ಬಾಯಿಬಿಟ್ಟು ಹೇಳುತ್ತದೆ. ಹೇಳಿದ ಮೇಲೆ ಆಕಾಶ ಕಳಚಿ ಬೀಳುವುದಿಲ್ಲ, ಅವನು ಎಂದಿನಂತೆ ತನ್ನ ಹುಚ್ಚಾಟಗಳನ್ನು ಮುಂದುವರಿಸುತ್ತಾನೆ. 2022ರಲ್ಲಿ ಜಪಾನಿನ ಸಾರ್ವಜನಿಕ ದೂರದರ್ಶನವಾದ ಎನ್‌ಎಚ್‌ಕೆ 'ಕೊಯಿಸೆನು ಫುತಾರಿ' ಎಂಬ ಧಾರಾವಾಹಿಯನ್ನು ಬಿತ್ತರಿಸಿತು. ಹೆಸರಿನ ಅರ್ಥ 'ಪ್ರೇಮಿಸದ ಇಬ್ಬರು'. ಪ್ರಣಯವೂ ಕಾಮವೂ ಬೇಡವಾದ ಒಬ್ಬ ಹೆಣ್ಣು ಒಬ್ಬ ಗಂಡು ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ಬಾಳಲು ನೋಡುವ ಕಥೆ ಅದು. ಲಗ್ನದ ವಿಷಯದಲ್ಲಿ ಜಪಾನಿನ ತಾಯಿತಂದೆಗಳು ನಮ್ಮವರಿಗಿಂತ ಕಡಿಮೆ ಕಾಟದವರೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೂ ಆ ದೇಶದ ಸಾರ್ವಜನಿಕ ಸಂಸ್ಥೆ ಅದನ್ನು ಮಾಡಿತು. ಇಲ್ಲಿಯ ವಾಹಿನಿಗಳಿಗೆ 2012ರಲ್ಲಿ ಆರಂಭವಾದ 'ಪುಟ್ಟಗೌರಿ ಮದುವೆ'ಯಂತೆ ಹೆಸರಿನಲ್ಲಿಯೇ ಮದುವೆ ಬೇಕು. ನೋಡುವ ಅಭಿಮಾನಿಗಳೂ ಯಾವ ನಾಯಕನಿಗೆ ಯಾವ ನಾಯಕಿ ಜೋಡಿಯಾಗಬೇಕೆಂದು ಜಗಳವಾಡುತ್ತಾರೆ. ಒಂಟಿಯಾಗಿ ಸುಖವಾಗಿರುವ ಪಾತ್ರ ಬಂದರೆ ಅದಕ್ಕೂ ಒಬ್ಬ ಗಂಡನನ್ನು ಹುಡುಕಿಕೊಡುವವರೆಗೆ ಅವರಿಗೆ ಸಮಾಧಾನವಿಲ್ಲ. ಊರಿನ ಹಿರಿಯರು ಕಟ್ಟೆಯ ಮೇಲೆ ಮಾಡುವ ಕೆಲಸವನ್ನೇ ಇವರು ಮೊಬೈಲು ಹಿಡಿದು ಮಾಡುತ್ತಾರೆ.

ಇನ್ನು ಕೆಲವರು ಹೇಳಬಹುದು: "ನಮ್ಮದು ಶರಣರ ನಾಡು. ಕೂಡಲಸಂಗಮ ನಮ್ಮ ಹುನಗುಂದದ್ದು. ಲಗ್ನ ಬೇಡವೆಂದವರನ್ನು ನಾವು ಪೂಜಿಸಿಲ್ಲವೇ?" ಪೂಜಿಸಿದ್ದೇವೆ, ನಿಜ. ಕೌಶಿಕ ರಾಜನ ಅರಮನೆಯನ್ನು ತೊರೆದು ಹೊರಟ ಅಕ್ಕಮಹಾದೇವಿಯನ್ನು ಪೂಜಿಸಿದ್ದೇವೆ. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಮಾಯೆಯನ್ನು ಸೋಲಿಸಿದ ಅಲ್ಲಮನನ್ನು ಪೂಜಿಸಿದ್ದೇವೆ. ಆದರೆ ನೋಡಿ, ಅಕ್ಕನಿಗೂ ಚೆನ್ನಮಲ್ಲಿಕಾರ್ಜುನನೇ ಗಂಡ. ರಾಜನನ್ನು ನಿರಾಕರಿಸಿದ ಹೆಣ್ಣನ್ನು ನಾವು ಒಪ್ಪಿಕೊಂಡದ್ದು ಅವಳಿಗೆ ದೇವರೇ ಪತಿಯಾದ ಮೇಲೆ. ಅಲ್ಲಮನ ಕಥೆಯಲ್ಲಿ ಗೆಲ್ಲಲು ಒಂದು ಮಾಯೆ ಬೇಕು. ವಿರಕ್ತರ ಕಾವಿಗೆ ಅಡ್ಡಬೀಳುವ ನಾವು, ಅದೇ ಬಾಳನ್ನು ಕಾವಿಯಿಲ್ಲದೆ ಬಾಳುವ ನೇಕಾರನನ್ನು, ಕೂಲಿಕಾರಳನ್ನು ಕಂಡರೆ ಕೊಂಕು ನುಡಿಯುತ್ತೇವೆ. ಆಸೆಯನ್ನು ಗೆದ್ದವನಿಗೆ ಗದ್ದುಗೆ, ಆಸೆಯೇ ಇಲ್ಲದವಳಿಗೆ ಅಣಕ! ಇದು ಯಾವ ನ್ಯಾಯ?

ಅಣಕದಲ್ಲಿ ಮುಗಿದಿದ್ದರೆ ಈ ಪತ್ರಿಕೆಯ ಇಷ್ಟು ಜಾಗವನ್ನು ನಾವು ತೆಗೆದುಕೊಳ್ಳುತ್ತಿರಲಿಲ್ಲ. ಅಣಕದ ಹಿಂದೆ ಬಲವಂತವಿದೆ. ಬೇಡವೆನ್ನಲು ಮಾತೇ ಇಲ್ಲದ ಹುಡುಗಿಯನ್ನು "ಎಲ್ಲಾ ಆಮೇಲೆ ಸರಿಹೋಗತೈತಿ" ಎಂದು ಹಸೆಗೆ ಕೂಡಿಸುತ್ತಾರೆ. ಮುಂದೆ ಏನಾಗುತ್ತದೆಂದು ಕಾನೂನನ್ನು ಕೇಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮು, ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ಬಲವಂತ ಮಾಡಿದರೆ ಅದನ್ನು ಅತ್ಯಾಚಾರವೆಂದು ಎಣಿಸುವುದಿಲ್ಲ. ಇಂಗ್ಲೀಷರು ಬರೆದಿಟ್ಟ ವಿನಾಯಿತಿಯನ್ನು ಸ್ವತಂತ್ರ ಭಾರತದ ಹೊಸ ಸಂಹಿತೆ ಹಾಗೆಯೇ ಎತ್ತಿಕೊಂಡಿತು. 2022ರ ಮಾರ್ಚಿನಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯ ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಗೊಳಿಸಲು ಒಪ್ಪದೆ ಈ ವಿನಾಯಿತಿಯನ್ನು ಕಟುವಾಗಿ ಪ್ರಶ್ನಿಸಿತ್ತು. ಆದರೂ ಸಂಹಿತೆ ಬರೆದವರಿಗೆ ಅದು ಕೇಳಿಸಲಿಲ್ಲ. ಆಸೆಯಿಲ್ಲದ ಹೆಣ್ಣಿಗೆ ಇಂಥ ಲಗ್ನ ಎಂಥ ಸೆರೆಮನೆಯೆಂದು ಓದುಗರೇ ಊಹಿಸಲಿ.

ಲಗ್ನವಾಗದೆ ಉಳಿದವಳ ದಾರಿಯೂ ಹೂವಿನದಲ್ಲ. ನಮ್ಮ ಸೀಮೆಯಲ್ಲಿ ಹೆಣ್ಣು ಒಬ್ಬನ ಹೆಂಡತಿ, ಅಲ್ಲವಾದರೆ ಮುತ್ತು ಕಟ್ಟಿಸಿಕೊಂಡು ಊರಿನ ಸೊತ್ತು. ಈ ಅನಾಚಾರವನ್ನು ನಿಷೇಧಿಸಲು 1982ರಲ್ಲಿ ದೇವದಾಸಿ ಸಮರ್ಪಣೆಯ ವಿರುದ್ಧ ಕಾಯಿದೆಯನ್ನೇ ಮಾಡಬೇಕಾಯಿತು. ತಾನು ತನ್ನವಳಾಗಿಯೇ ಇರುವ ದಾರಿ ಇನ್ನೂ ಕಾಲುದಾರಿ. ಅಣ್ಣನ ಮನೆಯಲ್ಲಿ ಉಳಿದರೆ ಅವಳು ಕೂಲಿಯಿಲ್ಲದ ಆಳು. 'ಗೃಹಲಕ್ಷ್ಮಿ'ಯ 2,000 ರೂಪಾಯಿ ರೇಶನ್ ಕಾರ್ಡಿನ ಯಜಮಾನಿಗೆ, ಎಂದರೆ ಆ ಮನೆಯಲ್ಲಿ ಬಹುಮಟ್ಟಿಗೆ ಅತ್ತಿಗೆಗೆ. ಅವಿವಾಹಿತ ಹೆಣ್ಣಿಗಾಗಿ 2013ರಲ್ಲಿ 'ಮನಸ್ವಿನಿ' ಮಾಸಾಶನ ಬಂತೆಂಬುದು ಸಂತೋಷ. ಮದುವೆಯಾಗದೆ ಉಳಿಯುವುದೂ ಒಂದು ಬಾಳೆಂದು ಸರಕಾರವೇ ಒಪ್ಪಿದಂತಾಯಿತು. ಆದರೆ ಅದು ತಿಂಗಳಿಗೆ 500ರಿಂದ ಹೊರಟು 800 ರೂಪಾಯಿಗೆ ಮುಟ್ಟಿತು, ಅದೂ ನಲವತ್ತು ತುಂಬಿದ ಬಡವರಿಗೆ. ಇಪ್ಪತ್ತೈದರಲ್ಲಿ 'ಬೇಡ' ಎಂದವಳು ನಲವತ್ತರವರೆಗೆ ಏನು ತಿನ್ನಬೇಕು?

"ಇದೆಲ್ಲ ಪಟ್ಟಣದ ಉಂಡುಟ್ಟವರ ಚಿಂತೆ, ಮೊದಲು ಹೊಟ್ಟೆಯ ಪ್ರಶ್ನೆ" ಎನ್ನುವ ಸಂಗಾತಿಗಳಿಗೆ ನಮ್ಮ ಉತ್ತರವೂ ಅದೇ: ಇದು ಹೊಟ್ಟೆಯ ಪ್ರಶ್ನೆಯೇ. ಬೆಂಗಳೂರಿನಲ್ಲಿ ಸ್ವಂತ ಮನೆಯೂ ಕೈತುಂಬ ಸಂಬಳವೂ ಇದ್ದವನು ಲಗ್ನವಾಗದಿದ್ದರೆ ಕೇಳುವವರು ಕಡಿಮೆ. ಸ್ವಂತ ಸೂರಿಲ್ಲದ ಕೂಲಿಕಾರಳಿಗೆ 'ಬೇಡ' ಎನ್ನುವ ಹಕ್ಕೇ ಇಲ್ಲ. ಡಾಕ್ಟರ್ ಲೋಹಿಯಾ ತಮ್ಮ ಸಪ್ತಕ್ರಾಂತಿಯಲ್ಲಿ ಗಂಡುಹೆಣ್ಣಿನ ಸಮಾನತೆಯೊಡನೆ, ವ್ಯಕ್ತಿಯ ಖಾಸಗಿ ಬಾಳಿನಲ್ಲಿ ಅನ್ಯಾಯವಾಗಿ ಕೈಹಾಕುವುದರ ವಿರುದ್ಧದ ಹೋರಾಟವನ್ನೂ ಸೇರಿಸಿದ್ದು ಸುಮ್ಮನಲ್ಲ. ಹಾಸಿಗೆಯ ವಿಷಯದಲ್ಲಿ ಊರೆಲ್ಲ ಪಂಚಾಯಿತಿ ಮಾಡುವಲ್ಲಿ ಸ್ವಾತಂತ್ರ್ಯದ ಮಾತು ಪೊಳ್ಳು.

ಆದುದರಿಂದ ನಮ್ಮ ಕೇಳಿಕೆ ಸ್ಪಷ್ಟವಾಗಿದೆ. ಹೆಂಡತಿಯ ಮೈಯ ಮೇಲೆ ಗಂಡನಿಗೆ ಅಧಿಕಾರ ಕೊಡುವ ವಿನಾಯಿತಿ ಹೋಗಬೇಕು. ಮನಸ್ವಿನಿಯ ವಯಸ್ಸು ಇಳಿಯಬೇಕು, ಮೊಬಲಗು ಏರಬೇಕು, ಒಂಟಿ ಹೆಣ್ಣಿಗೆ ಅವಳ ಹೆಸರಿನದೇ ರೇಶನ್ ಕಾರ್ಡು ಸುಲಭವಾಗಿ ಸಿಕ್ಕಬೇಕು. ನಾಟಕ ಬರೆಯುವವರನ್ನು ನಾವು ಉಪದೇಶದ ನಾಟಕ ಬರೆಯಿರೆಂದು ಕೇಳುವುದಿಲ್ಲ. ಒಬ್ಬ ಪೋಸ್ಟಿನವನೋ, ಒಬ್ಬ ಮಾಸ್ತರನೋ, ಒಬ್ಬ ಅತ್ತಿಯೋ ಲಗ್ನವಿಲ್ಲದೆ ನೆಮ್ಮದಿಯಾಗಿರಲಿ, ಕೊನೆಯ ಅಂಕದಲ್ಲಿ ಅವರಿಗೆ ಬಾಸಿಂಗ ಕಟ್ಟಬೇಡಿ, ಅಷ್ಟೇ. ಅವರು ಬೇಕಾದಷ್ಟು ನಗಿಸಲಿ, ಆದರೆ ಅವರು ಇರುವುದೇ ನಗೆಯಾಗದಿರಲಿ.

ನಮ್ಮ ಕೈಯಲ್ಲಿರುವ ಕೆಲಸವೂ ಒಂದಿದೆ. ಮುಂದಿನ ಸಲ ಬೇವೂರಿನ ಹುಡುಗರು ಬಣ್ಣ ಹಚ್ಚುವಾಗ ಅಂಥದೊಂದು ಪಾತ್ರವಿರುವ ನಾಟಕವನ್ನೇ ಆಡಬೇಕೆಂದು ಅವರೊಡನೆ ಮಾತಾಡಿದ್ದೇವೆ. ಅರ್ಧ ಮಂದಿ ನಕ್ಕರು, ಅರ್ಧ ಮಂದಿ ಆಗಲಿ ಎಂದರು. ಆ ಹೆಣ್ಣುಮಗಳಿಗೆ ಮುಂದಿನ ಸಾಲಿನಲ್ಲಿ ಜಾಗ ಇಟ್ಟಿರುತ್ತೇವೆ. ಅವಳು ನಡುವೆ ಎದ್ದು ಹೋಗದೆ ಮಂಗಳಾರತಿಯವರೆಗೆ ಕುಳಿತರೆ, ಅವಳ ಪ್ರಶ್ನೆಗೆ ನಮ್ಮ ಊರು ಉತ್ತರ ಕೊಡಲು ಆರಂಭಿಸಿತೆಂದು ತಿಳಿಯುತ್ತೇವೆ.